ಬೀದಿ ಕಡೆಯ ಕೋಣೆ

ಮೂರು ತಿಂಗಳು ಎಂದು ಮಾತಾಗಿತ್ತು. ಅಷ್ಟರೊಳಗೆ ಪುಟ್ಟಿಯ ಕೆಲಸ ಕುದುರಿದರೆ ಅವಳು ಹೊರಗೆಲ್ಲಾದರೂ ಒಂದು ಸಣ್ಣ ಮಳಿಗೆ ಹಿಡಿಯಬೇಕು. ಕುದುರದಿದ್ದರೆ ದೀಪ, ಪರದೆ ಎಲ್ಲ ಮಡಚಿ ಮಂಚದಡಿಗೆ ತಳ್ಳಬೇಕು. ಹೇಗಿದ್ದರೂ ಬೀದಿ ಕಡೆಯ ಕೋಣೆ ಅಣ್ಣ ಅತ್ತಿಗೆಗೆ. ಅತ್ತಿಗೆಗೆ ಆಗ ಐದು ತಿಂಗಳು ತುಂಬಿತ್ತು.

ಆ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ, ಒಂದು ಅಡುಗೆಮನೆ. ನಡುಕೋಣೆಗೆ ಅಡ್ಡಲಾಗಿ ದಪ್ಪ ಬಟ್ಟೆಯೊಂದನ್ನು ಕಟ್ಟಿ ಈ ಕಡೆ ಅಪ್ಪ ಅಮ್ಮ, ಆ ಕಡೆ ಅಣ್ಣ ಅತ್ತಿಗೆ ಮಲಗುತ್ತಿದ್ದರು. ಮಾವ ಗೊರಕೆ ಹೊಡೆದರೆ ಬಟ್ಟೆ ಅಲುಗುತ್ತದೆ ಎಂದು ಅತ್ತಿಗೆ ಮೊದಮೊದಲು ನಗುತ್ತಿದ್ದಳು. ಈಚೆಗೆ ನಗುವುದನ್ನು ಬಿಟ್ಟಿದ್ದಳು.

ಪುಟ್ಟಿಗೆ ಮೂವತ್ತೊಂದಾದರೂ ಮನೆಗೂ ಬೀದಿಗೂ ಅವಳು ಪುಟ್ಟಿಯೇ. ಒಂಬತ್ತು ವರ್ಷ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದಳು. ಮಾಲೀಕ ಬಾಗಿಲು ಮುಚ್ಚುವಾಗ ಕೊನೆಯ ಸಂಬಳದ ಬದಲು ಎರಡು ದೊಡ್ಡ ದೀಪ, ಬೂದು ಬಣ್ಣದ ಒಂದು ಪರದೆ, ತಿರುಗುವ ಒಂದು ಸ್ಟೂಲು ಕೊಟ್ಟು ಕೈತೊಳೆದುಕೊಂಡ. ಕ್ಯಾಮೆರಾ ಮಾತ್ರ ಅವಳದೇ. ಇಷ್ಟನ್ನು ಹಿಡಿದುಕೊಂಡು ಅವಳು ಬೀದಿ ಕಡೆಯ ಕೋಣೆಗೆ ಬಂದಳು.

"ಕಂಪನಿಗಳ ವೆಬ್‌ಸೈಟ್ ನೋಡು ಅಣ್ಣ," ಎಂದಳು. "ಹೆಸರು, ಹುದ್ದೆ, ಪಕ್ಕದಲ್ಲಿ ಎದೆಮಟ್ಟದ ಒಂದು ಫೋಟೋ. ಅರ್ಧ ಜನ ಯಾರದೋ ಮದುವೇಲಿ ತೆಗೆಸಿದ್ದನ್ನ ಕತ್ತರಿಸಿ ಹಾಕಿರ್ತಾರೆ. ಪಕ್ಕದವರ ಭುಜ ಹಾಗೇ ಉಳಿದಿರುತ್ತೆ. ಒಂದೊಂದು ಕಂಪನೀಲಿ ಐವತ್ತು ಜನ, ನೂರು ಜನ. ಒಂದೇ ಒಂದು ಕಂಪನಿ ಸಿಕ್ಕಿದ್ರೆ ಸಾಕು."

"ಸಿಕ್ಕಿದ್ರೆ," ಎಂದ ಅಣ್ಣ. ಅವನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಚೀಟಿ ಇಲ್ಲದೆ ಯಾರ ಮಾತನ್ನೂ ನಂಬುವ ಅಭ್ಯಾಸ ಅವನಿಗಿಲ್ಲ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ್ರಂತೆ."

"ಈ ಮನೇಲಿ ಕೂಸೂ ಹುಟ್ಟುತ್ತೆ, ಕುಲಾವೀನೂ ನಾನೇ ಹೊಲೀಬೇಕು," ಎಂದಳು ಅಡುಗೆಮನೆಯ ಕಿಟಕಿ ಪಕ್ಕದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಮ್ಮ. "ನೀನು ಬರೀ ಗಾದೆ ಹೇಳು."

ಅಮ್ಮ ಹೊಸ ಬಟ್ಟೆ ಹೊಲಿಯುವವಳಲ್ಲ. ಸಡಿಲಾದದ್ದನ್ನು ಬಿಗಿ ಮಾಡುವುದು, ಉದ್ದದ್ದನ್ನು ಗಿಡ್ಡ ಮಾಡುವುದು, ಹರಿದದ್ದಕ್ಕೆ ತೇಪೆ ಹಾಕುವುದು. ಅವಳ ಪಕ್ಕದ ಗೂಟದಲ್ಲಿ ಸದಾ ಊರವರ ಬಟ್ಟೆ ನೇತಾಡುತ್ತಿತ್ತು. ಆ ವಾರ ಅಲ್ಲಿ ಯಾರದೋ ಕಪ್ಪು ಕೋಟೊಂದು ಇತ್ತು.

ಪುಟ್ಟಿಯ ಕಣ್ಣು ಅದರ ಮೇಲೆ ಬಿತ್ತು. "ಅಮ್ಮ, ಮಾದರಿಗೆ ಅಂತ ಒಂದು ಫೋಟೋ ಬೇಕು. ಅಪ್ಪನಿಗೆ ಹತ್ತು ನಿಮಿಷ ಇದನ್ನ ಹಾಕ್ಲಾ?"

"ಪರರ ಸ್ವತ್ತು ಕಣೇ ಅದು. ಬೆನ್ನಿಗೆಲ್ಲ ಗುಂಡುಸೂಜಿ ಚುಚ್ಚಿಟ್ಟಿದ್ದೀನಿ."

"ಬೆನ್ನು ಯಾರು ನೋಡ್ತಾರೆ?"

ಅಪ್ಪ ಗಿಡ್ಡ, ಗಟ್ಟಿ ಆಳು. ಇಪ್ಪತ್ತೆಂಟು ವರ್ಷ ಹನ್ನೊಂದು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸಿದವನು. ಬೀದಿಯವರು ಅವನನ್ನು ಲಿಫ್ಟಪ್ಪ ಎನ್ನುತ್ತಿದ್ದರು. ತಾನೇ ಓಡುವ ಹೊಸ ಲಿಫ್ಟ್ ಬಂದ ಮೇಲೆ ಅವನನ್ನು ಮನೆಗೆ ಕಳಿಸಿ ಮೂರು ವರ್ಷವಾಗಿತ್ತು. ಕೋಟು ಹಾಕಿಕೊಂಡು ಸ್ಟೂಲಿನ ಮೇಲೆ ಕೂತ.

"ಬೆನ್ನು ಆನಿಸಬೇಡಿ, ಅಲ್ಲಾಡಬೇಡಿ," ಎಂದು ಅಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಚುಚ್ಚಿದ್ರೆ ಕೋಟಿಗೆ ರಕ್ತ ಆಗುತ್ತೆ."

"ನನಗಾದ್ರೆ ಪರವಾಗಿಲ್ವಾ?"

"ನೀವು ತೊಳೆದ್ರೆ ಹೋಗುತ್ತೆ."

ಅಪ್ಪ ಉಸಿರು ಬಿಗಿಹಿಡಿದು ನೆಟ್ಟಗೆ ಕೂತ. ಆ ಭಯದಲ್ಲೇ ಅವನ ಮುಖಕ್ಕೆ ಒಂದು ಗಾಂಭೀರ್ಯ ಬಂತು. ಕ್ಯಾಮೆರಾದ ಪುಟ್ಟ ತೆರೆಯ ಮೇಲೆ ಚಿತ್ರ ಮೂಡಿದಾಗ ಅತ್ತಿಗೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಮಾವ, ನೀವು ಯಾವುದೋ ಬ್ಯಾಂಕಿನ ಯಜಮಾನರ ಹಾಗಿದ್ದೀರಿ!" ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಇವನ ಹತ್ರ ಸಾಲ ಕೇಳೋಕೆ ನನಗೇ ಹೆದರಿಕೆ ಆಗುತ್ತೆ," ಎಂದ.

ಆ ಚಿತ್ರವನ್ನು ಹಾಕಿ ಪುಟ್ಟಿ ಐನೂರು ಕರಪತ್ರ ಅಚ್ಚು ಹಾಕಿಸಿದಳು. ಅತ್ತಿಗೆ ಕಾಲು ಚಾಚಿ ಕೂತು ಒಂದೊಂದನ್ನೇ ಮೂರು ಮಡಿಕೆ ಮಡಿಸಿದಳು.

ಆಮೇಲಿನ ದಿನಗಳೆಲ್ಲ ಒಂದೇ ಥರ ಕಳೆದವು. ಬೆಳಗ್ಗೆ ಚಹಾ ಕುಡಿದು ಪುಟ್ಟಿ ಕಂಪನಿಗಳಿಗೆ ಇಮೇಲ್ ಬರೆಯುತ್ತಿದ್ದಳು, ದಿನಕ್ಕೆ ಇಪ್ಪತ್ತು. ಹನ್ನೊಂದರಿಂದ ಫೋನು. "ನಮ್ಮ ನಂಬರ್ ನಿಮಗೆ ಯಾರು ಕೊಟ್ಟದ್ದು?" ಎನ್ನುವವರೇ ಹೆಚ್ಚು. ಕೆಲವರು ಪೂರ್ತಿ ಕೇಳಿಸಿಕೊಂಡು, ತಪ್ಪು ವಿಭಾಗಕ್ಕೆ ಮಾಡಿದ್ದೀರಿ ಎಂದು ಹೇಳಿ ಇಡುತ್ತಿದ್ದರು. ಮಧ್ಯಾಹ್ನ ಕರಪತ್ರ ಹಿಡಿದು ಕಚೇರಿಗಳ ಬೀದಿಗೆ ಹೋಗುತ್ತಿದ್ದಳು. ಅಲ್ಲಿ ಕಾವಲಿನವರು ನಾಲ್ಕೈದನ್ನು ಇಸಿದುಕೊಂಡು ತಮ್ಮ ಮೇಜಿನ ಖಾನೆಗೆ ಹಾಕುತ್ತಿದ್ದರು.

ಎರಡನೇ ತಿಂಗಳಲ್ಲಿ, ಮೊದಲ ಐದು ಜನರಿಗೆ ಪುಕ್ಕಟೆ ಎಂದು ತನ್ನ ಪುಟದಲ್ಲಿ ಪ್ರಕಟಿಸಿದಳು. ಐದೂ ಜನ ಎರಡೇ ದಿನದಲ್ಲಿ ಬಂದರು. ಮನೆ ದಲ್ಲಾಳಿಯೊಬ್ಬ ತನ್ನ ಎರಡನೇ ಗದ್ದವನ್ನು ತೆಗೆದುಹಾಕಲು ಹೇಳಿದ. ವಕೀಲರೊಬ್ಬರು ಜೊತೆಗೆ ಮಗಳನ್ನೂ ತಂದಿದ್ದರು, "ಹೇಗೂ ದೀಪ ಹಚ್ಚಿದೆಯಲ್ಲಮ್ಮ, ಇವಳ ಪಾಸ್‌ಪೋರ್ಟಿಗೂ ಒಂದು ತೆಗೆದುಬಿಡು." ಇನ್ನಿಬ್ಬರು ಗೆಳೆಯರು ಒಂದೇ ಟೈಯನ್ನು ಬದಲಾಯಿಸಿಕೊಂಡು ಕಟ್ಟಿಕೊಂಡರು. ಐದನೆಯವನು ವಿಮೆ ಏಜೆಂಟ್. ಅವನ ಫೋಟೋ ಐದು ನಿಮಿಷದಲ್ಲಿ ಮುಗಿಯಿತು. ಅಮ್ಮನಿಗೆ ಅವನು ಪಾಲಿಸಿ ವಿವರಿಸಿದ್ದು ಒಂದು ಗಂಟೆ. ಎಲ್ಲರೂ ತಮ್ಮ ಕಚೇರಿಯಲ್ಲಿ ಹೇಳುತ್ತೇವೆ ಎಂದು ಹೋದರು.

"ಪುಕ್ಕಟೆ ಅಂದ್ರೆ ನನಗೂ ಒಂದು, ನಮ್ಮಪ್ಪನಿಗೂ ಒಂದು," ಎಂದ ಅಣ್ಣ ಊಟಕ್ಕೆ ಕೂತು. ತಟ್ಟೆಯಲ್ಲಿ ಅನ್ನ, ಬೇಯಿಸಿದ ಆಲೂಗಡ್ಡೆ. ಅತ್ತಿಗೆಗೆ ಮಾತ್ರ ಒಂದು ಮೊಟ್ಟೆ.

"ಸುಮ್ಮನಿರ್ರೀ," ಎಂದಳು ಅತ್ತಿಗೆ.

"ಸುಮ್ಮನೇ ಇದ್ದೀನಲ್ಲ. ಎರಡು ತಿಂಗಳಿಂದ ಸುಮ್ಮನೇ ಇದ್ದೀನಿ. ನೀನು ಬೆಳಗಿನ ಜಾವ ನಾಲ್ಕು ಸಲ ಎದ್ದು, ಅಪ್ಪ ಅಮ್ಮನ್ನ ದಾಟ್ಕೊಂಡು ಹೋಗ್ತೀಯಲ್ಲ, ಆಗಲೂ ಸುಮ್ಮನೇ ಇದ್ದೀನಿ."

ಪುಟ್ಟಿ ತಲೆ ತಗ್ಗಿಸಿ ಆಲೂಗಡ್ಡೆ ಕಿವುಚಿದಳು. ಆಗಲೇ ಅಪ್ಪ ಆ ಮಾತು ಎತ್ತಿದ್ದು.

"ನಾನಿರೋವಾಗ ನೀವೆಲ್ಲ ಯಾಕೆ ಬೀದಿ ಬೀದಿ ಅಲೀತೀರಿ? ಹನ್ನೊಂದು ಮಹಡಿ ಜನಾನ ಇಪ್ಪತ್ತೆಂಟು ವರ್ಷ ಮೇಲೆ ಕೆಳಗೆ ಮಾಡಿದ್ದೀನಿ. ಯಾರ ಬೂಟು ನೋಡಿದ್ರೂ ಯಾವ ಮಹಡಿ ಅಂತ ಹೇಳ್ತೀನಿ. ಮೂರನೇ ಮಹಡಿ ಸಾಹೇಬ್ರು ಅಂತೂ ನನ್ನ ಕೇಳದೆ ಆಚೆ ಮಳೆ ಬರ್ತಿದೆಯಾ ಅಂತಾನೂ ನೋಡ್ತಿರಲಿಲ್ಲ. ನಾಳೆ ನಾನೇ ಹೋಗ್ತೀನಿ."

"ನಿಮ್ಮನ್ನ ಒಳಗೆ ಬಿಡ್ತಾರಾ?" ಎಂದಳು ಅಮ್ಮ.

"ಬಿಡೋದೇನು? ಅದು ನನ್ನ ಕಟ್ಟಡ ಕಣೇ."

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಚೀಲದ ತುಂಬ ಕರಪತ್ರ ತುಂಬಿಕೊಂಡು ಬಸ್ಸು ಹತ್ತಿದ. ಕಟ್ಟಡದ ಬಾಗಿಲು ಈಗ ಗಾಜಿನದು. ಒಳಗೆ ಕಾರ್ಡು ತೋರಿಸಿದರೆ ಮಾತ್ರ ತೆರೆದುಕೊಳ್ಳುವ ಗೇಟುಗಳು, ಅವುಗಳ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ.

"ಯಾರನ್ನ ನೋಡ್ಬೇಕಿತ್ತು?"

"ಆರನೇ ಮಹಡಿ ಮೇಡಂನ."

"ಹೆಸರು?"

ಅಪ್ಪ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ. ಲಿಫ್ಟಿನಲ್ಲಿ ಯಾರೂ ಹೆಸರು ಹೇಳುವುದಿಲ್ಲ. ಮೂರು ಅನ್ನುತ್ತಾರೆ, ಒಂಬತ್ತು ಅನ್ನುತ್ತಾರೆ. "ಗುಂಗುರು ಕೂದಲು. ಬೇಗ ಬೇಗ ನಡೀತಾರೆ. ಕೈಯಲ್ಲಿ ಯಾವಾಗಲೂ ನೀರಿನ ಬಾಟಲಿ."

"ಹೆಸರಿಲ್ಲದೆ ಮೇಲೆ ಬಿಡೋ ಹಾಗಿಲ್ಲ ತಾತ."

ಅಷ್ಟರಲ್ಲಿ ಮೂರನೇ ಮಹಡಿಯವರು ಒಳಗೆ ಬಂದರು. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಆದರೂ ನಡಿಗೆಯಲ್ಲೇ ಗುರುತು ಸಿಕ್ಕಿತು. "ಸಾರ್! ಮೂರು!" ಎಂದು ಅಪ್ಪ ಕೂಗಿಬಿಟ್ಟ. ಅವರು ತಿರುಗಿ, ಅವನ ಮುಖವನ್ನೂ ಚೀಲವನ್ನೂ ನೋಡಿ, ಅವನು ಚಾಚಿದ ಕರಪತ್ರವನ್ನು ತೆಗೆದುಕೊಂಡರು. "ಮುಂದಿನ ವಾರ ನೋಡೋಣ," ಎಂದು ಫೋನನ್ನು ಕಿವಿಗಿಟ್ಟುಕೊಂಡು ಗೇಟು ದಾಟಿ ಹೋದರು.

ಸಂಜೆ ಅಪ್ಪ ಮನೆಗೆ ಬಂದು, "ಮೂರನೇ ಮಹಡಿ ಆಯ್ತು. ಮುಂದಿನ ವಾರ," ಎಂದ.

ಪುಟ್ಟಿ ಎದ್ದು ನಿಂತಳು. "ನಿಜವಾಗ್ಲೂ? ಎಷ್ಟು ಜನ ಅಪ್ಪ?"

"ಮಹಡಿ ಪೂರ್ತಿ ಅಂದುಕೋ. ನಲವತ್ತಾದ್ರೂ ಇದ್ದಾರೆ."

ಆ ವಾರ ಮನೆಗೆ ಜೀವ ಬಂತು. ಅಮ್ಮ ಬೂದು ಪರದೆಯನ್ನು ಒಗೆದು ಇಸ್ತ್ರಿ ಮಾಡಿದಳು. ಬಂದವರು ಕಾಲರು ಸರಿಮಾಡಿಕೊಳ್ಳಲು ಅತ್ತಿಗೆ ತನ್ನ ಕನ್ನಡಿಯನ್ನೇ ತಂದು ಬೀದಿ ಕೋಣೆಯ ಮೊಳೆಗೆ ತೂಗುಹಾಕಿದಳು. ಅಣ್ಣ ಕೂಡ ದೀಪದ ಸಡಿಲವಾದ ಕಾಲಿಗೆ ತಿರುಪು ಬಿಗಿದುಕೊಟ್ಟ. ಅಪ್ಪ ದಿನವೂ ಒಂಬತ್ತೂವರೆಗೆ ಹೊರಟು ಐದಕ್ಕೆ ಬರುತ್ತಿದ್ದ. ಬಂದು ಒಂದೊಂದು ಮಹಡಿಯ ಸುದ್ದಿ ಹೇಳುತ್ತಿದ್ದ. ಏಳನೆಯವರು ಒಬ್ಬರಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಕೇಳಿದ್ದಾರೆ. ಎರಡನೆಯವರಿಗೆ ಪರದೆ ನೀಲಿ ಬೇಕಂತೆ. ಪುಟ್ಟಿ ನೀಲಿ ಬಟ್ಟೆ ಹುಡುಕಿಕೊಂಡು ಮೂರು ಅಂಗಡಿ ತಿರುಗಿದಳು.

ಮುಂದಿನ ವಾರ ಬಂತು, ಅದರ ಮುಂದಿನದೂ ಬಂತು. ಮೂರನೇ ಮಹಡಿಯಿಂದ ಯಾರೂ ಬರಲಿಲ್ಲ. ಅತ್ತಿಗೆಯ ಕಾಲು ಊದತೊಡಗಿತು. ಮಧ್ಯಾಹ್ನ ಮಲಗಲು ಜಾಗವಿಲ್ಲದೆ ಅವಳು ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಕಿಕೊಂಡು, ಅತ್ತೆಯ ಯಂತ್ರದ ಸದ್ದಿಗೆ ಬೆನ್ನು ಮಾಡಿ ಒರಗುತ್ತಿದ್ದಳು.

ಒಂದು ದಿನ ಅಣ್ಣ ಅಂಗಡಿಯ ಕೆಲಸಕ್ಕೆಂದು ಆ ಕಟ್ಟಡದ ಕಡೆ ಹೋಗಿದ್ದ. ಸಂಜೆ ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ಕೂತಾಗ ಮೆಲ್ಲಗೆ ಕೇಳಿದ.

"ಅಪ್ಪ, ಇವತ್ತು ಎಷ್ಟನೇ ಮಹಡಿ?"

"ಒಂಬತ್ತು. ಅಲ್ಲೊಬ್ಬ ಹೊಸಬ ಬಂದಿದ್ದಾನೆ, ಬಹಳ ಮರ್ಯಾದೆಯವನು."

"ಹನ್ನೊಂದು ಗಂಟೆಗೆ ನೀನು ಎದುರಿನ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಚೀಲ ತೊಡೆ ಮೇಲಿತ್ತು."

ಅಪ್ಪ ನೀರು ಕುಡಿದ. "ಬಸ್ಸಿಗೆ ಕಾಯ್ತಿದ್ದೆ."

"ಮೂರು ಗಂಟೆಗೆ ವಾಪಸ್ ಬರುವಾಗಲೂ ಅಲ್ಲೇ ಇದ್ದೆ."

"ಬಸ್ಸು ಬರಲಿಲ್ಲ."

"ನನ್ನ ಕಣ್ಣೆದುರಿಗೇ ಆರು ಬಸ್ಸು ಹೋಯ್ತಪ್ಪ!" ಅಣ್ಣನ ದನಿ ಏರಿತು. "ಒಳಗೆ ಬಿಟ್ಟಿಲ್ಲ ಅಂತ ಮೊದಲನೇ ದಿನವೇ ಹೇಳಿದ್ರೆ ಆಗ್ತಿತ್ತಲ್ಲ? ಇವಳು ಎಂಟು ತಿಂಗಳ ಹೊಟ್ಟೆ ಹೊತ್ಕೊಂಡು ಅಡುಗೆಮನೇಲಿ ಬಿದ್ಕೊಂಡಿದ್ದಾಳೆ. ನೀನು ಅಲ್ಲಿ ಕೂತ್ಕೊಂಡು ಮಹಡಿ ಮಹಡಿ ಕಥೆ ಕಟ್ತಿದ್ದೀಯ!"

"ಅವರಿಗೆಲ್ಲ ನನ್ನ ಗೊತ್ತು," ಎಂದ ಅಪ್ಪ. "ಸಮಯ ಬರಬೇಕು ಅಷ್ಟೇ. ನನ್ನ ಮುಖ ಮರೆಯೋರಲ್ಲ ಅವರು."

ಅಮ್ಮನಿಗೂ ಸಾಕಾಗಿತ್ತು. "ಇಪ್ಪತ್ತೆಂಟು ವರ್ಷ ನೀವು ಗುಂಡಿ ಕಡೆ ಮುಖ ಮಾಡ್ಕೊಂಡು ನಿಂತಿದ್ರಿ ಕಣ್ರೀ. ಅವರು ನೋಡಿದ್ದು ನಿಮ್ಮ ಬೆನ್ನು. ಮುಖ ಯಾರು ನೋಡಿದ್ದಾರೆ?"

ಆಡಿದ ಮೇಲೆ ಅವಳಿಗೇ ಆ ಮಾತು ಕೇಳಿಸಿತು. ಆದರೆ ಆಗಲೇ ತಡವಾಗಿತ್ತು. ಅಪ್ಪ ಅರ್ಧ ತಿಂದ ತಟ್ಟೆಯನ್ನು ತಾನೇ ತೊಳೆದಿಟ್ಟು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

ಮರುದಿನ ಅವನು ಹೊರಡಲಿಲ್ಲ. ಅದರ ಮರುದಿನವೂ ಇಲ್ಲ. ಗಡ್ಡ ಬೆಳೆಯಿತು. ಅಮ್ಮ ಒಂದಕ್ಕೆ ಎರಡು ಸಲ ಚಹಾ ತಂದಿಟ್ಟಳು. ಅದು ಆರಿ ಕೆನೆಗಟ್ಟಿತು. "ನಾನೇನೋ ಸಿಟ್ಟಲ್ಲಿ ಅಂದೆ," ಎಂದರೆ, "ಸರಿಯಾಗೇ ಅಂದೆ," ಎನ್ನುತ್ತಿದ್ದ. ದಾರಿಯಲ್ಲಿ ಹೋಗುವವರು "ಏನು ಲಿಫ್ಟಪ್ಪ, ಮೈಗೆ ಹುಷಾರಿಲ್ವಾ?" ಎಂದರೆ ಮುಖ ಆಚೆ ತಿರುಗಿಸುತ್ತಿದ್ದ.

ಪುಟ್ಟಿಗೆ ತಡೆಯಲಾಗಲಿಲ್ಲ. ಆ ಕಟ್ಟಡದ ಎಲ್ಲ ಕಂಪನಿಗಳಿಗೂ ಮತ್ತೊಮ್ಮೆ ಬರೆದಳು. ಒಂದೇ ಒಂದು ಉತ್ತರ ಬಂತು, ಆರನೇ ಮಹಡಿಯಿಂದ: ಸೋಮವಾರ ಹತ್ತು ನಿಮಿಷ ಸಿಗಬಹುದು. ಪುಟ್ಟಿ ಮನೆಯಲ್ಲಿ ಯಾರಿಗೂ ಹೇಳದೆ ಹೋದಳು. ಗೇಟಿನ ಹುಡುಗಿಗೆ ಹೆಸರು ಹೇಳಿದಳು. ಗೇಟು ತೆರೆಯಿತು. ಲಿಫ್ಟಿನಲ್ಲಿ ಒಬ್ಬಳೇ ನಿಂತು ಆರನ್ನು ಒತ್ತಿದಳು.

ನೇಮಕಾತಿ ನೋಡಿಕೊಳ್ಳುವ ಮೇಡಂ ಗುಂಗುರು ಕೂದಲಿನವರು. ಎದುರಿಗೆ ಕೂರಿಸಿ, ಮಾದರಿಗಳನ್ನು ಒಂದೊಂದಾಗಿ ನೋಡಿದರು. "ಚೆನ್ನಾಗಿ ತೆಗೀತೀರಿ," ಎಂದರು. ಆಮೇಲೆ ತಮ್ಮ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. "ಮುಚ್ಚುಮರೆ ಮಾಡಲ್ಲ, ನೋಡಿ. ನಮ್ಮವರು ಮನೇಲಿ ಕೂತು ಫೋನಲ್ಲಿ ತಮ್ಮದೇ ಒಂದು ಫೋಟೋ ತೆಗೆದು ಕಳಿಸ್ತಾರೆ. ಈ ಎಐ ಸಾಫ್ಟ್‌ವೇರ್ ಅದಕ್ಕೆ ಕೋಟು ಹಾಕುತ್ತೆ, ಕೂದಲು ಬಾಚುತ್ತೆ, ಹಿಂದೆ ಪರದೆ ಹಾಕುತ್ತೆ. ನೂರಾಹತ್ತು ಜನರದು ಹೋದ ತಿಂಗಳು ಒಂದೇ ಮಧ್ಯಾಹ್ನದಲ್ಲಿ ಮುಗೀತು."

ಪುಟ್ಟಿ ನೋಡಿದಳು. ಒಂದೆರಡು ಕಡೆ ಕಿವಿ ಸರಿಯಾಗಿರಲಿಲ್ಲ, ಒಬ್ಬನ ಕಾಲರು ಕುತ್ತಿಗೆಯೊಳಗೆ ಕರಗಿಹೋಗಿತ್ತು. ಉಳಿದದ್ದೆಲ್ಲ ಚೆನ್ನಾಗಿಯೇ ಇತ್ತು. ಆ ಕಿವಿಯ ಬಗ್ಗೆ ಹೇಳಬೇಕೆಂದು ಬಾಯಿ ತೆರೆದಳು. ಕಿವಿಯನ್ನು ಯಾರು ನೋಡುತ್ತಾರೆ ಎಂದು ತನಗೇ ಅನ್ನಿಸಿ ಮುಚ್ಚಿದಳು.

"ನಿಮ್ಮಂಥವರಿಗೆ ಕಷ್ಟ ಅಂತ ಗೊತ್ತು," ಎಂದರು ಮೇಡಂ. ಹಾಗೆನ್ನುವಾಗ ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. ಕರಪತ್ರವನ್ನು ಮತ್ತೆ ಕೈಗೆತ್ತಿಕೊಂಡರು. "ಇವರು ಯಾರು? ಏನು ಗತ್ತು ಮುಖದಲ್ಲಿ! ಯಾವ ಕಂಪನಿಯ ಡೈರೆಕ್ಟರು?"

"ಇದೇ ಕಟ್ಟಡದಲ್ಲಿದ್ರು ಮೇಡಂ. ಲಿಫ್ಟಿನಲ್ಲಿ. ಮೂರು ವರ್ಷದ ಹಿಂದಿನವರೆಗೂ."

"ಲಿಫ್ಟಿನಲ್ಲಾ?" ಮೇಡಂ ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡರು. ಅವರು ಅಲ್ಲಿ ಹನ್ನೊಂದು ವರ್ಷದಿಂದ ಇದ್ದರು. "ಹಾಂ ಹಾಂ, ಮೊದಲು ಯಾರೋ ಒಬ್ಬರು ಇರ್ತಿದ್ರು ಅಲ್ವಾ. ಎತ್ತರ, ತೆಳ್ಳಗೆ. ಮೀಸೆ ಇತ್ತು."

ಅಪ್ಪನಿಗೆ ಎಂದೂ ಮೀಸೆ ಇರಲಿಲ್ಲ.

"ಹೌದು ಮೇಡಂ," ಎಂದಳು ಪುಟ್ಟಿ.

ಮನೆಗೆ ಬಂದಾಗ ಅಪ್ಪ ಮೆಟ್ಟಿಲ ಮೇಲೆ ಹಾಗೆಯೇ ಕೂತಿದ್ದ. ಅವಳು ಹಾಕಿಕೊಂಡಿದ್ದ ಒಳ್ಳೆಯ ಬಟ್ಟೆ ನೋಡಿ, "ಎಲ್ಲಿಗೆ ಹೋಗಿದ್ದೆ?" ಎಂದ. ಎರಡು ವಾರದಲ್ಲಿ ಅವನು ತಾನಾಗಿ ಕೇಳಿದ ಮೊದಲ ಮಾತು ಅದು.

"ನಿನ್ನ ಕಟ್ಟಡಕ್ಕೆ. ಆರನೇ ಮಹಡಿಗೆ."

ಅಪ್ಪ ಅವಳ ಮುಖವನ್ನೇ ನೋಡಿದ. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅವಳು ನಿಜ ಹೇಳುತ್ತಿದ್ದಳೋ ಏನೋ.

"ನಿನ್ನನ್ನ ಕೇಳಿದ್ರು ಅಪ್ಪ," ಎಂದುಬಿಟ್ಟಳು. "ಫೋಟೋ ನೋಡಿದ ತಕ್ಷಣ ಗುರುತು ಹಿಡಿದ್ರು. ಹೇಗಿದ್ದಾರೆ, ಆರೋಗ್ಯ ಚೆನ್ನಾಗಿದೆಯಾ ಅಂತ ಕೇಳಿದ್ರು."

"ಗುಂಗುರು ಕೂದಲು?"

"ಹೂಂ."

"ಕೈಯಲ್ಲಿ ನೀರಿನ ಬಾಟಲಿ?"

"ಮೇಜಿನ ಮೇಲಿತ್ತು."

ಅಪ್ಪ ಎದ್ದು ಒಳಗೆ ಹೋಗಿ, "ಏಯ್, ಕೇಳಿದೆಯಾ?" ಎಂದು ಅಮ್ಮನನ್ನು ಕೂಗಿದ. "ಆರನೇ ಮಹಡಿಯವರು ನನ್ನ ಕೇಳಿದ್ರಂತೆ. ಬೆನ್ನು ಅಂದೆಯಲ್ಲ, ಬೆನ್ನು?" ಆ ಸಂಜೆ ಗಡ್ಡ ಕೆರೆದ. ತಟ್ಟೆಗೆ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಪಾತ್ರೆ ತೊಳೆಯುವಾಗ ಅಮ್ಮ ಮಗಳ ಕಿವಿಯ ಹತ್ತಿರ ಬಂದಳು. "ಆಕೆ ನಿಜವಾಗಿ ಕೇಳಿದ್ಲಾ?"

ಪುಟ್ಟಿ ತಟ್ಟೆ ಉಜ್ಜುತ್ತಲೇ ಇದ್ದಳು.

"ಅಯ್ಯೋ ಪುಟ್ಟಿ," ಎಂದಳು ಅಮ್ಮ.

ಬೆಳಗ್ಗೆ ಅಪ್ಪ ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಂಡು ನಿಂತಿದ್ದ. "ಹೋಗಿ ಒಂದು ಮಾತಾಡಿಸಿ ಬರ್ತೀನಿ. ನೆನಪಿಟ್ಟು ಕೇಳಿದ್ದಾರೆ. ಹೋಗದಿದ್ರೆ ಏನಂದುಕೊಳ್ತಾರೆ?"

"ಇವತ್ತು ಬೇಡ ಅಪ್ಪ. ಅವರಿಗೆ ಕೆಲಸ ಬಹಳ."

"ನಿಲ್ಲೋದಿಲ್ಲ. ಎರಡು ನಿಮಿಷ. ಆಕೆ ಹೆಸರೇನು ಹೇಳು, ಆ ಗೇಟಿನ ಹುಡುಗಿಗೆ ಹೆಸರು ಬೇಕು."

ಪುಟ್ಟಿ ಅಮ್ಮನ ಕಡೆ ನೋಡಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತ ಇವಳ ಕಡೆ ನೋಡಲಿಲ್ಲ. ಪುಟ್ಟಿ ಹೆಸರು ಹೇಳಿದಳು. ಅಪ್ಪ ಅದನ್ನು ಬಾಯಲ್ಲೇ ಎರಡು ಸಲ ಅಂದುಕೊಂಡು ಮೆಟ್ಟಿಲಿಳಿದು ಹೋದ.

ಅವನು ಹಿಂದಿರುಗಿದ್ದು ಮಧ್ಯಾಹ್ನ ಎರಡಕ್ಕೆ. ಅಣ್ಣನೂ ಊಟಕ್ಕೆ ಬಂದಿದ್ದ. ಅಪ್ಪ ಚಪ್ಪಲಿ ಬಿಟ್ಟು, ಮುಖ ತೊಳೆದು, ನಡುಕೋಣೆಯ ಮಧ್ಯೆ ಬಂದು ನಿಂತ.

"ಕೂರಿಸಿ ಕಾಫಿ ಕೊಟ್ರು," ಎಂದ. "ಅರ್ಧ ಗಂಟೆ ಮಾತಾಡಿದ್ರು. ನಿಮ್ಮ ಕಾಲದಲ್ಲಿ ಲಿಫ್ಟು ಎಷ್ಟು ಚೆನ್ನಾಗಿತ್ತು, ಈಗಿನದು ಬರೀ ಯಂತ್ರ ಅಂದ್ರು. ಫೋಟೋ ವಿಷಯಾನೂ ಎತ್ತಿದೆ. ಮುಂದಿನ ತಿಂಗಳು ಖಂಡಿತ. ಆರನೇ ಮಹಡಿ ಅಷ್ಟೂ ಜನ. ಬೇರೆಯವರಿಗೂ ಆಕೆಯೇ ಹೇಳ್ತಾರಂತೆ. ಪುಟ್ಟಿ, ಪರದೆ ಮಡಚಬೇಡ."

ಅಮ್ಮ ತಟ್ಟೆ ಇಟ್ಟಳು. ಅಪ್ಪ ಬಗ್ಗಿ, ಬೆಳಗ್ಗಿನಿಂದ ಒಂದು ಗುಟುಕು ನೀರೂ ಕಾಣದವನ ಹಾಗೆ ತಿನ್ನತೊಡಗಿದ. ಎಲ್ಲರೂ ಅದನ್ನು ನೋಡಿದರು.

ಅಣ್ಣ ತಟ್ಟೆಯಿಂದ ಕೈ ತೆಗೆದ. "ಪುಟ್ಟಿ, ಭಾನುವಾರಕ್ಕೆ ಮೂರು ತಿಂಗಳು ಆಗುತ್ತೆ."

"ಗೊತ್ತು."

"ಭಾನುವಾರ ನಾವು ಆ ಕೋಣೆಗೆ ಮಂಚ ಹಾಕ್ಬೇಕು. ಡಾಕ್ಟರು ಇವಳಿಗೆ ಕಾಲು ಮೇಲಿಟ್ಟು ಮಲಗೋಕೆ ಹೇಳಿದ್ದಾರೆ."

"ಮುಂದಿನ ತಿಂಗಳು ಅಂತಿದ್ದೀನಲ್ಲೋ," ಎಂದ ಅಪ್ಪ ತುತ್ತು ನುಂಗುತ್ತ. "ನೂರಾರು ಜನ ಬಂದಾಗ ಎಲ್ಲಿ ನಿಲ್ಲಿಸ್ತಾಳೆ ಅವಳು? ಒಂದು ತಿಂಗಳು ತಡ್ಕೊಳ್ಳೋಕೆ ಆಗಲ್ವಾ?"

"ನಾನು ನಿನ್ನ ಕೇಳ್ತಿಲ್ಲಪ್ಪ. ಇವಳನ್ನ ಕೇಳ್ತಿದ್ದೀನಿ. ನೀನೂ ಹೋಗಿದ್ದೆಯಲ್ಲ ಪುಟ್ಟಿ, ನೀನೇ ಹೇಳು. ಕೆಲಸ ಕೊಡ್ತಾರಾ, ಇಲ್ವಾ?"

ಎಲ್ಲರೂ ಅವಳನ್ನು ನೋಡಿದರು. ಅಪ್ಪನೂ ನೋಡಿದ. ಅವನ ತುತ್ತು ಬಾಯಿಯ ಹತ್ತಿರ ನಿಂತಿತ್ತು. ಪುಟ್ಟಿ ಇಲ್ಲ ಎನ್ನಬೇಕಾಗಿತ್ತು. ಇಲ್ಲ ಎಂದರೆ ಅವನು ಇವತ್ತು ಹೋಗಿ ಬಂದದ್ದು, ಕಾಫಿ, ಅರ್ಧ ಗಂಟೆ, ಎಲ್ಲ ಆ ತಟ್ಟೆಯ ಮುಂದೆಯೇ ಬಿದ್ದುಹೋಗುತ್ತಿತ್ತು. ಅವನನ್ನು ಅಲ್ಲಿಗೆ ಕಳಿಸಿದ್ದು ಅವಳ ಮಾತು.

"ಒಂದು ತಿಂಗಳು ನೋಡೋಣ ಅಣ್ಣ," ಎಂದಳು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಕೈ ತೊಳೆದು ಅಂಗಡಿಗೆ ಹೋದ. ನಾಲ್ಕು ದಿನದಲ್ಲಿ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹುಡುಕಿದ. ಮೇಲಿನ ಮಹಡಿ, ನೀರು ಕೆಳಗಿನಿಂದ ಹೊತ್ತು ತರಬೇಕು, ಆದರೆ ಬಾಗಿಲು ಹಾಕಿಕೊಳ್ಳಬಹುದು.

ಭಾನುವಾರ ಸಣ್ಣ ಗಾಡಿಯೊಂದು ಬಂತು. ಮಂಚ, ಎರಡು ಪೆಟ್ಟಿಗೆ, ಒಂದು ಒಲೆ. ಅಮ್ಮ ಒಂದು ಡಬ್ಬಿಯಲ್ಲಿ ಬೇಳೆ ತುಂಬಿ ಕೊಟ್ಟಳು. ಹೊಲಿದು ಮುಗಿಸಿದ್ದ ಎರಡು ಕುಲಾವಿಗಳನ್ನು ಅದರ ಮೇಲಿಟ್ಟಳು. "ಆ ಮೆಟ್ಟಿಲು ಹತ್ತುವಾಗ ಕೈ ಹಿಡ್ಕೊಳ್ಳೋ ಅವಳದು," ಎಂದು ಮಗನಿಗೆ ಮೂರು ಸಲ ಹೇಳಿದಳು. ಅಪ್ಪ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, "ಒಂದು ತಿಂಗಳ ಮಾತು. ಆಮೇಲೆ ವಾಪಸ್ ಬಂದುಬಿಡಿ," ಎಂದ. ಅಣ್ಣ ಒಲೆಯನ್ನು ಗಾಡಿಗೆ ಎತ್ತಿಟ್ಟ.

ಅತ್ತಿಗೆ ತನ್ನ ಕನ್ನಡಿ ತೆಗೆದುಕೊಳ್ಳಲು ಬೀದಿ ಕೋಣೆಗೆ ಬಂದಳು. ಪುಟ್ಟಿ ಅದನ್ನು ಮೊಳೆಯಿಂದ ಬಿಡಿಸಿ ಕಾಗದದಲ್ಲಿ ಸುತ್ತಿಕೊಟ್ಟಳು.

"ಕೋಣೆ ಹೋಗ್ಲಿ ಪುಟ್ಟಿ," ಎಂದಳು ಅತ್ತಿಗೆ. ಅವಳ ಕಣ್ಣು ಕೆಂಪಾಗಿತ್ತು. "ನಿನ್ನ ಕರಪತ್ರ ಅಷ್ಟೂ ಮಡಿಸಿದವಳು ನಾನು. ಯಾಕೆ ಹಾಗಂದೆ ಅಂತ ನನಗೆ ಒಂದು ಮಾತು ಹೇಳ್ಬಾರದಾ?"

ಬಾಗಿಲಾಚೆ ಮೂರು ಹೆಜ್ಜೆ ದೂರದಲ್ಲಿ ಅಪ್ಪ ಹಗ್ಗಕ್ಕೆ ಗಂಟು ಹಾಕುತ್ತಿದ್ದ.

"ಕೆಲಸ ಬರಬಹುದು ಅಂತ ಅತ್ತಿಗೆ," ಎಂದಳು ಪುಟ್ಟಿ.

ಅತ್ತಿಗೆ ಅವಳನ್ನು ಒಂದು ಕ್ಷಣ ನೋಡಿ, ಕನ್ನಡಿಯನ್ನು ಹೊಟ್ಟೆಗೆ ಆನಿಸಿಕೊಂಡು ನಿಧಾನವಾಗಿ ಮೆಟ್ಟಿಲಿಳಿದಳು. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಅಮ್ಮ ಒಳಗೆ ಹೋಗಿ ಯಂತ್ರದ ಮುಂದೆ ಕೂತಳು. ತುಳಿಯಲಿಲ್ಲ.

ಪುಟ್ಟಿ ನಡುಕೋಣೆಗೆ ಬಂದಾಗ ಅಡ್ಡಬಟ್ಟೆ ಬಿಚ್ಚಿಹೋಗಿತ್ತು. ಮಂಚವಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಬೆಳ್ಳಗೆ ಉಳಿದಿತ್ತು. ಅಪ್ಪ ಪಕ್ಕದ ಮನೆಯಿಂದ ಎರಡು ಕುರ್ಚಿ ಕೇಳಿ ತಂದು ಅಲ್ಲಿ ಗೋಡೆಗೆ ಸರಿಯಾಗಿ ಇಡುತ್ತಿದ್ದ. ಒಂದನ್ನು ಒರೆಸಿದ, ಇನ್ನೊಂದನ್ನು ಒರೆಸಿದ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಕಂಪನಿಯವರು ಬಂದ್ರೆ ಇಲ್ಲಿ ಕಾಯಬಹುದು," ಎಂದ. "ಒಬ್ಬರು ಒಳಗೆ ಫೋಟೋಗೆ, ಇಬ್ಬರು ಇಲ್ಲಿ. ಕೂತು ನೋಡು ಪುಟ್ಟಿ, ಸರಿ ಇದೆಯಾ?"

ಪುಟ್ಟಿ ಹೋಗಿ ಕೂತಳು.

"ಸರಿ ಇದೆ ಅಪ್ಪ," ಎಂದಳು.